ಅರ್ಜೆಂಟ್ ಹೊಲಿಗೆ

ಮೂಕಮ್ಮ ಶೀಟಿನಿಂದ ಮಾತ್ರೆಯನ್ನು ಒತ್ತಿ ಅಂಗೈಗೆ ಬೀಳಿಸಿಕೊಂಡು ಬಾಯಿಯ ಬಳಿಗೆ ಒಯ್ಯುವಷ್ಟರಲ್ಲಿ ದುರ್ಗಾ ಅವಳ ಮಣಿಕಟ್ಟು ಹಿಡಿದಳು. ಕೈ ಸುಡುತ್ತಿತ್ತು.

“ಚಿಗವ್ವ, ಅದು ಬ್ಯಾಡ.”

“ಯಾಕಮ್ಮಿ? ಇನ್ನೂ ಡೇಟ್ ಐತೆ. ನಿಮ್ಮವ್ವ ಬಿಟ್ಟೋಗಿರೋ ಮಾತ್ರೇನ ಬಚ್ಚಲಿಗೆ ಹಾಕಕ್ಕಾಗುತ್ತಾ?”

ಹೊರಗೆ ಅಂಗಳದಲ್ಲಿ ಹಂಪಕ್ಕನ ದೇಹಕ್ಕೆ ಕೊನೆಯ ಸ್ನಾನ ಮುಗಿದಿತ್ತು. ರಾಯದುರ್ಗದ ಆ ಓಣಿಯಲ್ಲಿ ಅಂದು ಹೊಲಿಗೆ ಯಂತ್ರಗಳ ಸದ್ದಿರಲಿಲ್ಲ. ಪಕ್ಕದ ಜೀನ್ಸ್ ಯೂನಿಟ್ಟಿನ ಹೆಂಗಸರೆಲ್ಲ ಇಲ್ಲೇ ಇದ್ದರು. ಹಂಪಕ್ಕ ಹುಟ್ಟಿದ್ದು ಮಡಕಶಿರದ ಕಡೆಯ ಗುಡಿಬಂಡೆಯಲ್ಲಿ, ಮದುವೆಯಾಗಿ ಬಂದದ್ದು ಇಲ್ಲಿಗೆ. ತಂಗಿ ಮೂಕಮ್ಮ ಬೆಂಗಳೂರಿನ ಪೀಣ್ಯದಲ್ಲಿ ಗಾರ್ಮೆಂಟ್ಸಿಗೆ ಸೇರಿದ್ದಳು. ಮಗಳು ದುರ್ಗಾ ಬಳ್ಳಾರಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು.

“ಉಚ್ಚಿ ಉರಿ ಯಾವಾಗಿಂದ ಐತಿ?”

“ನಮ್ ಲೈನಾಗೆ ಎಲ್ರಿಗೂ ಇರೋದೇಯ. ರಾತ್ರಿ ಬಸ್ಸು ಹತ್ಬೇಕು, ನಾಳೆ ಡ್ಯೂಟಿ. ಒಂದೆರಡು ನುಂಗಿದ್ರೆ ತಡ್ಕೊಂತೀನಿ.”

“ಅವ್ವನೂ ಹಿಂಗ ಅಂತಿದ್ಲು.”

* * *

ಯೂನಿಟ್ಟಿನಲ್ಲಿ ಹಂಪಕ್ಕನಿಗೆ ‘ಅರ್ಜೆಂಟ್ ಅಕ್ಕ’ ಎಂಬ ಹೆಸರಿತ್ತು. ಲಾರಿ ಬಾಗಿಲಿಗೆ ಬಂದ ಹೊತ್ತಿನಲ್ಲಿ ಪ್ಯಾಂಟು ಹರಿದರೆ ಅದು ಅವಳ ಮೇಜಿಗೆ ಬರುತ್ತಿತ್ತು. ಬಿಡುವಿದ್ದರೆ ಎಳೆಗೆ ಎಳೆ ಕೂಡಿಸಿ ರಫೂ ಮಾಡುವಳು. ಅರ್ಜೆಂಟಿದ್ದರೆ ಹರಿದ ಜಾಗವನ್ನೇ ಕತ್ತರಿಸಿ ಎಸೆದು, ಎರಡು ಅಂಚು ಸೇರಿಸಿ ಹೊಲಿಯುವಳು. ಹಾಗೆ ಹೊಲಿದದ್ದರಲ್ಲಿ ಒಂದರ ಕಾಲು ಗಿಡ್ಡ, ಒಂದರ ಜೇಬು ಮಾಯ. ಬಹುಪಾಲು ವಾಪಸು ಬರುತ್ತಿದ್ದವು. ಒಮ್ಮೆ ಮಾತ್ರ ಜೇಬಿಲ್ಲದ ಪ್ಯಾಂಟೊಂದು ಚೆನ್ನೈ ವ್ಯಾಪಾರಿಗೆ ಹಿಡಿಸಿ, ಅದೇ ಮಾದರಿಗೆ ಲಾಟುಗಟ್ಟಲೆ ಆರ್ಡರ್ ಬಂತು.

“ನೋಡ್ರಿ ಮಾಸ್ಟ್ರೇ, ನನ್ನ ತಪ್ಪಿಗೂ ಗಿರಾಕಿ ಅದಾರ,” ಎಂದು ಅವಳು ಯೂನಿಟ್ಟಿನ ಮಾಸ್ಟರ್ ಹುಲುಗಪ್ಪನನ್ನು ಕೆಣಕಿದಳು.

“ತಪ್ಪು ನಿಂದು, ಬೈಸಿಕೊಳ್ಳೋನು ನಾನು. ಕುಂತು ಹೊಲಿಯವ್ವ ತಾಯಿ.”

ಕುಂತಳು. ನೀರು ಕುಡಿದರೆ ಪಾಯಿಖಾನೆಗೆ ಏಳಬೇಕು. ಎದ್ದರೆ ಪೀಸು ಕಡಿಮೆ, ಕೂಲಿಯೂ ಕಡಿಮೆ. ಸಂಜೆಯವರೆಗೆ ಗಂಟಲಿಗೆ ಹನಿ ಬೀಳುತ್ತಿರಲಿಲ್ಲ. ಉರಿ ಹತ್ತಿದಾಗ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸುವಳು. ಉರಿ ತಗ್ಗಿದೊಡನೆ ಉಳಿದದ್ದನ್ನು ಮುಂದಿನ ಸಲಕ್ಕೆ ಎತ್ತಿಡುವಳು. ವರ್ಷಗಳ ಕಾಲ ಹೀಗೇ ನಡೆಯಿತು. ಕೊನೆಯ ಸಲ ಸೋಂಕು ಮೂತ್ರಪಿಂಡಕ್ಕೆ ಏರಿ ರಕ್ತಕ್ಕೆ ಸೇರಿತು. ಮಗಳಿದ್ದ ಬಳ್ಳಾರಿಯ ಆಸ್ಪತ್ರೆ ಮುಟ್ಟುವಾಗ ತಡವಾಗಿತ್ತು.

* * *

“ಈ ಮಾತ್ರೆ ಕ್ರಿಮಿಯೊಳಗಿನ ದಾರ ಕಡಿತೈತಿ. ಡಿಎನ್‌ಎ ಅಂತಾರ,” ಎಂದಳು ದುರ್ಗಾ. “ಕಡಿದ್ರ ಕ್ರಿಮಿ ಸುಮ್ನ ಸಾಯಂಗಿಲ್ಲ. ಅವ್ವನಂಗ ಅರ್ಜೆಂಟ್ ಹೊಲಿಗಿಗೆ ಕುಂದ್ರತೈತಿ. ಅವಸರದಾಗ ತಪ್ಪು ಹೊಲಿತೈತಿ. ಒಮ್ಮೊಮ್ಮೆ ತುಂಡನ್ನೇ ಬಿಟ್ಟು ಅಂಚಿಗೆ ಅಂಚು ಕೂಡಿಸ್ತೈತಿ. ಆ ತಪ್ಪಿಂದ ಭಾಳ ಕ್ರಿಮಿ ಸಾಯ್ತಾವು. ಯಾವುದೋ ಒಂದಕ್ಕ ತಪ್ಪೇ ಲಾಭ ಆಗ್ತೈತಿ.”

“ಅದೆಂಗೆ ಲಾಭ?”

“ಔಷಧ ಒಳಗ ಬರೋ ಬಾಗಿಲನ್ನೇ ಬಿಟ್ಟು ಹೊಲಿದೈತಿ ಅನ್ಕೋ. ಅರ್ಧಮರ್ಧ ನುಂಗಿದ್ರ ಅಂಥದ್ದು ಉಳಿದು ಮರಿ ಹಾಕ್ತೈತಿ.”

ಮೂಕಮ್ಮ ಅಂಗೈಯ ಮಾತ್ರೆಯನ್ನೇ ನೋಡಿದಳು. “ಜೇಬಿಲ್ಲದ ಪ್ಯಾಂಟು,” ಎಂದಳು. ಆ ಕತೆಯನ್ನು ಅಕ್ಕ ಫೋನಿನಲ್ಲಿ ನಕ್ಕು ನಕ್ಕು ಹೇಳಿದ್ದಳು.

“ಹೂಂ. ಅವ್ವನ ಮೈಯಾಗ ಹಿಂಗೇ ಆಯ್ತು ಅಂತ ಆಣಿ ಮಾಡಾಕ ಬರಂಗಿಲ್ಲ. ಲ್ಯಾಬಿನಾಗ ನಾನು ಕಂಡಿದ್ದು ಇಷ್ಟು: ಅವಳ ಕ್ರಿಮಿಗೆ ಈ ಮಾತ್ರೆ ತಾಕಲಿಲ್ಲ. ನಿನ್ನ ಕ್ರಿಮಿಗೆ ಯಾವುದು ತಾಕತೈತಿ ಅಂತ ನೋಡ್ಬೇಕು. ಮಾತ್ರೆ ನುಂಗೋಕ್ಕಿಂತ ಮೊದ್ಲು ಉಚ್ಚಿ ಕೊಡು. ಐಸ್ ಹಾಕಿ ಬಳ್ಳಾರಿಗೆ ಕಳಿಸ್ತೀನಿ. ಮಣ್ಣು ಮುಗಿಸ್ಕೊಂಡು ಸೀದಾ ಡಾಕ್ಟರ ಹತ್ರ. ಬಸ್ಸು ಇವತ್ತಿಲ್ಲ.”

“ಡ್ಯೂಟಿ ಹೋಗುತ್ತೆ ಕಣೆ.”

“ಹೋಗ್ಲಿ. ನೀನು ಹೋಗಬ್ಯಾಡ.”

ಮೂಕಮ್ಮ ಮಾತ್ರೆಯನ್ನು ಅವಳ ಕೈಗಿಟ್ಟು ಎದ್ದಳು. ದುರ್ಗಾ ಬ್ಯಾಗಿನಿಂದ ಲ್ಯಾಬಿನ ಪುಟ್ಟ ಬಾಟಲಿ ತೆಗೆದುಕೊಟ್ಟಳು. ಮನೆಯ ಬಚ್ಚಲಿಗೆ ಹೋಗುವ ದಾರಿಗೆ ಅಡ್ಡಲಾಗಿ ಚಟ್ಟ ಕಟ್ಟಿದ್ದರು. ಉಳಿದದ್ದು ಯೂನಿಟ್ಟಿನ ಪಾಯಿಖಾನೆ. ಕೆಲಸದ ದಿನಗಳಂತೆ ಅಂದೂ ಅದಕ್ಕೆ ಬೀಗ ಹಾಕಿತ್ತು. ಕೀಲಿ ಹುಲುಗಪ್ಪನ ಉಡುದಾರದಲ್ಲಿತ್ತು.

“ಮಾಸ್ಟ್ರೇ, ಪಾಯಿಖಾನಿ ಕೀಲಿ ಕೊಡ್ರಿ,” ಎಂದಳು ದುರ್ಗಾ.

ಹೂವಿನ ಹಾರ ಹಿಡಿದು ನಿಂತಿದ್ದ ಹುಲುಗಪ್ಪ ಸುತ್ತ ನೋಡಿದ. “ಹೆಣ ಎತ್ತೋ ಹೊತ್ನ್ಯಾಗ ಇದೇನವ್ವ? ನಿಮ್ಮವ್ವ ಕಾಯಾಕತ್ಯಾಳ.”

“ಕಾಯ್ಲಿ ಬಿಡಪ್ಪ,” ಮೂಕಮ್ಮನ ದನಿ ಅಂಗಳಕ್ಕೆಲ್ಲ ಕೇಳಿಸಿತು. “ಬದುಕಿರೋಗಂಟ ತಡ್ಕೊಂಡು ಕುಂತಿದ್ಲು ನಮ್ಮಕ್ಕ. ನಾನು ಹೋಗ್ಬರೋಗಂಟ ಕಾಯಾಕಿಲ್ವಾ?”

ಹುಲುಗಪ್ಪ ಹಾರವನ್ನು ಪಕ್ಕದವನ ಕೈಗೆ ಕೊಟ್ಟು ಕೀಲಿ ಬಿಚ್ಚಿದ.

ಹಂಪಕ್ಕನ ಪಕ್ಕದ ಯಂತ್ರದ ಬಸವರಾಜೇಶ್ವರಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಬೀಗ ತೆಗದಂಗೇ ಇರ್ಲಿ ಮಾಸ್ಟ್ರೇ. ನಾನೂ ಹೋಗಬೇಕ್ರಿ.”

ಮೂಕಮ್ಮ ಒಳಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಸವರಾಜೇಶ್ವರಿ ನಿಂತಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಯೂನಿಟ್ಟಿನ ಹೆಂಗಸರ ಸಾಲು ಓಣಿಯವರೆಗೆ ಬೆಳೆಯಿತು. ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದ್ದ ಗಂಡಸರು ನೆಟ್ಟಗಾದರು. ಟವೆಲಿನಿಂದ ಕತ್ತು ಒರೆಸಿಕೊಂಡು, ಬಿಸಿಲಿನಲ್ಲಿ ನಿಂತರು.