ಕೈಗೆ ಸಿಗದ ಅಲುಗಾಟ

ದನದ ಆಸ್ಪತ್ರೆಯ ಕಾಂಪೌಂಡರ್ ತನ್ನ ಹಳೆಯ ಸ್ಕೂಟರನ್ನು ಶೆಡ್ಡಿನ ಹಿಂಬಾಗಿಲಿನಿಂದ ತಳ್ಳಿಕೊಂಡು ಬಂದ. ಹೋದ ತಿಂಗಳು ಇದೇ ಇಂಜಿನ್ನಿಗೆ ಹೊಸ ರಿಂಗು ಹಾಕಿ, ಇನ್ನು ವರ್ಷಗಟ್ಟಲೆ ನನ್ನ ಮುಖ ನೋಡಬೇಡಿ ಎಂದು ಹೇಳಿ ಕಳಿಸಿದ್ದ ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು ಎದ್ದು ನಿಂತ.

"ಮುಖ ನೋಡ್ಬೇಡಿ ಅಂದಿದ್ರಲ್ಲ ಅಣ್ಣ, ಅದಕ್ಕೇ ಹಿಂದಿನಿಂದ ಬಂದೆ," ಎಂದ ಕಾಂಪೌಂಡರ್. "ಅದೇ ಸದ್ದು. ಏರು ಹತ್ತುವಾಗ ಗರಗರ ಅನ್ನುತ್ತೆ. ದನವಾಗಿದ್ರೆ ಬಾಯಿ ಬಿಡಿಸಿ ನೋಡ್ತಿದ್ದೆ. ಇದಕ್ಕೆ ಬಾಯಿ ಎಲ್ಲಿದೆ ಅಂತ ನಿಮಗೇ ಗೊತ್ತು."

"ಬಿಟ್ಟು ಹೋಗಿ, ನೋಡ್ತೀನಿ."

"ಸಂಜೆ ಬರ್ತೀನಿ. ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳಿಬಿಡಿ, ಪೇಟೆಗೆ ಒಯ್ತೀನಿ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ."

ಬೇಜಾರಾಗುವುದು ಯಾರಿಗೆ ಎಂದು ಮೆಕ್ಯಾನಿಕ್‌ಗೆ ಗೊತ್ತಿತ್ತು. ಸುತ್ತಿನ ಹಳ್ಳಿಗಳಲ್ಲಿ ಅವನಿಗೆ ಹೆಸರು ಬಂದದ್ದು ಬೆರಳುಗಳಿಂದ. ಇಂಜಿನ್ನಿನ ಪಕ್ಕದ ಮುಚ್ಚಳ ತೆಗೆದರೆ ಒಳಗೆ ತಿರುಗುವ ದಂಡದ, ಅಂದರೆ ಕ್ರ್ಯಾಂಕ್ ಶಾಫ್ಟಿನ, ತುದಿಗೆ ತಟ್ಟೆಯಗಲದ ಒಂದು ಚಕ್ರ ಕಾಣುತ್ತದೆ. ಅದಕ್ಕೆ ಮ್ಯಾಗ್ನೆಟ್ ಎನ್ನುತ್ತಾರೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಬೇಕು, ಒತ್ತಬೇಕು. ಅದು ಸಲೀಸಾಗಿ ತಿರುಗಬೇಕೇ ಹೊರತು ಮೇಲಕ್ಕೂ ಕೆಳಕ್ಕೂ ಸರಿಯಬಾರದು. ಕೂದಲೆಳೆಯಷ್ಟು ಸರಿದರೂ ಶಾಫ್ಟನ್ನು ಹಿಡಿದಿರುವ ಒಳಗಿನ ಬೇರಿಂಗ್ ಸವೆದಿದೆ ಎಂದರ್ಥ. ಆ ಕೂದಲೆಳೆಯನ್ನು ಅವನ ಬೆರಳುಗಳು ಹಿಡಿಯುತ್ತಿದ್ದವು. ಆದರೆ ಬೇಸಿಗೆಯಿಂದ ಈಚೆಗೆ ಬಲಗೈ ಬೆರಳುಗಳು ಮರಗಟ್ಟಿದ್ದವು. ಎಡಗೈಯಲ್ಲೂ ಜೋಮು ಶುರುವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳುವುದೂ ಒಂದೇ, ಶೆಡ್ಡಿಗೆ ಬೀಗ ಹಾಕುವುದೂ ಒಂದೇ ಎಂದು ಅವನ ಎಣಿಕೆ.

ಇಂಜಿನ್ ಚಾಲೂ ಮಾಡಿ, ಉದ್ದನೆಯ ಸ್ಕ್ರೂ ಡ್ರೈವರಿನ ಮೊನೆಯನ್ನು ಅದರ ಮೈಗೆ, ಹಿಡಿಯನ್ನು ಕಿವಿಗೆ ಒತ್ತಿಕೊಂಡ. ಸದ್ದು ಇತ್ತು, ಎಲ್ಲಿಂದ ಎಂದು ಖಾತ್ರಿಯಾಗಲಿಲ್ಲ. ಇಂಜಿನ್ ಆರಿಸಿ ಮುಚ್ಚಳ ತೆಗೆದು ಮ್ಯಾಗ್ನೆಟ್ ಹಿಡಿದ. ಎತ್ತಿದ, ಒತ್ತಿದ. ಹೋದ ಸಲದ ಹಾಗೆಯೇ ಏನೂ ಗೊತ್ತಾಗಲಿಲ್ಲ. ಮತ್ತೆ ಹಿಡಿದ.

ಶೆಡ್ಡಿನ ಮುಂದಿನ ಅರ್ಧದಲ್ಲಿ, ಕಿಟಕಿಯ ಪಕ್ಕ, ಅವನ ಹೆಂಡತಿ ಶಾಲೆಯ ಮಕ್ಕಳ ಬಿಳಿ ಅಂಗಿಗಳನ್ನು ಹೊಲಿಯುತ್ತಿದ್ದಳು. ಬಾಬಿನ್ ಬದಲಿಸಲು ನಿಲ್ಲಿಸಿದಾಗ ಈ ಕಡೆ ನೋಡಿದಳು.

"ಏನ್ರೀ, ಅದರ ಕೈ ಹಿಡ್ಕೊಂಡು ಕೂತೇಬಿಟ್ರಲ್ಲ. ನನ್ನ ಕೈಯನ್ನೂ ಇಷ್ಟು ಹೊತ್ತು ಹಿಡಿದಿರ್ಲಿಲ್ಲ."

"ಬೇರಿಂಗ್ ನೋಡ್ತಿದ್ದೀನಿ. ಚೆನ್ನಾಗಿದೆ."

"ಚೆನ್ನಾಗಿದ್ರೆ ಬಿಟ್ಟು ಏಳಿ."

ಅವನು ಏಳಲಿಲ್ಲ. ಅವಳೇ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅವನು ಹಿಡಿದ ಹಾಗೆಯೇ ಮ್ಯಾಗ್ನೆಟ್ ಹಿಡಿದು ಎತ್ತಿ ಒತ್ತಿದಳು.

"ಇದು ಆಡ್ತಿದೆಯಲ್ರೀ."

"ತಿರುಗ್ತಿದೆ ಅನ್ನು. ತಿರುಗೋದೇ ಅದರ ಕೆಲಸ."

"ತಿರುಗೋದು ಯಾವುದು, ಆಡೋದು ಯಾವುದು ಅಂತ ನನಗೆ ಗೊತ್ತಿಲ್ವಾ? ಬೆಳಗಿಂದ ಸಂಜೆ ತನಕ ಮೆಷಿನ್ನಿನ ಚಕ್ರದ ಮೇಲೇ ಕೈ ಇರುತ್ತೆ. ಅದು ಹಿಂದೆ ಹೀಗೇ ಆಡ್ತಿದ್ದಾಗ ಸರಿ ಮಾಡಿಕೊಟ್ಟವರು ನೀವೇ."

ಅವನ ಎರಡೂ ಕೈಗಳನ್ನು ಮ್ಯಾಗ್ನೆಟ್ಟಿನ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು ಅಲುಗಿಸಿದಳು. "ಈಗ?" ಎಂದಳು. ಅವನು ಇಲ್ಲವೆಂದು ತಲೆಯಾಡಿಸಿದ. "ಈಗ?" ಅವನು ಮತ್ತೆ ತಲೆಯಾಡಿಸಿದ.

ಅವಳು ಅವನ ಮುಖ ನೋಡಿದಳು. ರವಿಕೆಗೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು, ಅವನ ಬಲಗೈಯನ್ನು ತನ್ನ ಮಂಡಿಯ ಮೇಲೆ ಇಟ್ಟುಕೊಂಡಳು.

"ಆ ಕಡೆ ತಿರುಗಿ."

ಅವನು ಕಿಟಕಿಯತ್ತ ತಿರುಗಿದ. ರಸ್ತೆಯಾಚೆ ಹೊಲದಲ್ಲಿ ಯಾರೋ ಬದುವಿನ ಹುಲ್ಲು ಕೊಯ್ಯುತ್ತಿದ್ದರು.

"ಚುಚ್ಚೋದಾದ್ರೆ ಬೇಗ ಚುಚ್ಚು," ಎಂದ.

"ಚುಚ್ಚಿ ಆಯ್ತು."

ನಡುಬೆರಳಿನ ತುದಿಯಲ್ಲಿ ಗ್ರೀಸಿನ ಕಪ್ಪಿನ ನಡುವೆ ರಕ್ತದ ಒಂದು ಚುಕ್ಕೆ ಎದ್ದಿತ್ತು. ಅವಳು ಅದನ್ನು ಅರಿವೆಯಿಂದ ಒರೆಸಿದಳು.

"ಯಾವಾಗಿಂದ?"

"ಬೇಸಿಗೆಯಿಂದ."

"ಅದಕ್ಕೇ ಬಿಸಿ ಲೋಟ ಹಿಡ್ಕೊಂಡೇ ಮಾತಾಡ್ತಾ ಕೂರ್ತಿದ್ರಿ. ನನ್ನ ಮಾತು ಅಷ್ಟು ಹಿಡಿಸ್ತಿದೆ ಅಂತ ನಾನು ಅಂದ್ಕೊಂಡಿದ್ದೆ."

"ಇನ್ನು ಶೆಡ್ ಮುಚ್ಚೋದೇ."

"ಮುಚ್ಚೋ ಮಾತು ಆಮೇಲೆ. ಇದು ಆಡ್ತಿದೆ ಅನ್ನೋದಷ್ಟೇ ನನಗೆ ಗೊತ್ತು, ಯಾಕೆ ಅಂತ ಗೊತ್ತಿಲ್ಲ. ಅದನ್ನ ನೀವು ಹೇಳಿ."

ಅವನು ಸ್ಪ್ಯಾನರ್ ತೆಗೆದುಕೊಂಡ. ಮ್ಯಾಗ್ನೆಟ್ಟೇ ಶಾಫ್ಟಿನ ಮೇಲೆ ಸಡಿಲಾಗಿ ಕೂತಿದ್ದರೂ ಕೈಗೆ ಹೀಗೇ ಸಿಗುತ್ತದೆ ಎಂದು ವಿವರಿಸಿದ. ಎಷ್ಟೋ ಜನ ಇಲ್ಲಿ ಏಮಾರಿ, ಬರೀ ನಟ್ಟು ಬಿಗಿದರೆ ಮುಗಿಯುವ ಕೆಲಸಕ್ಕೆ ಇಡೀ ಇಂಜಿನ್ ಬಿಚ್ಚಿ ಹರಡುತ್ತಾರೆ. ನಟ್ಟು ಬಿಗಿಯಾಗಿಯೇ ಇತ್ತು. ಅದನ್ನು ಬಿಚ್ಚಿ, ಪುಲ್ಲರ್ ಹಾಕಿ ಮ್ಯಾಗ್ನೆಟ್ ಹೊರಗೆ ತೆಗೆದ.

ಒಳಗಿದ್ದ ಕಾಯಿಲ್‌ನ ಕಬ್ಬಿಣ ಒಂದು ಕಡೆ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿತ್ತು. ಶಾಫ್ಟ್ ಅಲುಗಿದಾಗೆಲ್ಲ ಮ್ಯಾಗ್ನೆಟ್ ಅದಕ್ಕೆ ಸವರಿಕೊಂಡು ಹೋಗಿತ್ತು. ಹೋದ ತಿಂಗಳು ಬೆರಳುಗಳನ್ನು ನಂಬಿ ಅವನು ಮ್ಯಾಗ್ನೆಟ್ ಬಿಚ್ಚಿಯೇ ಇರಲಿಲ್ಲ.

"ಈಗ ಶಾಫ್ಟಿನ ತುದಿ ಹಿಡಿ. ಮೇಲೆ ಕೆಳಗೆ ಇದೆಯಾ?"

"ಇದೆ. ದಾರದಷ್ಟೂ ಇಲ್ಲ, ಆದ್ರೆ ಇದೆ."

"ಬೇರಿಂಗೇ," ಎಂದ ಅವನು.

ಸಂಜೆ ಕಾಂಪೌಂಡರ್ ಬಂದಾಗ ಮೆಕ್ಯಾನಿಕ್ ಸುತ್ತಿ ಬಳಸಿ ಮಾತಾಡಲಿಲ್ಲ. "ಹೋದ ಸಲವೇ ಬೇರಿಂಗ್ ಹೋಗಿತ್ತು. ನನ್ನ ಕೈಗೆ ಸಿಗಲಿಲ್ಲ. ಬೆರಳಲ್ಲಿ ಸ್ಪರ್ಶವೇ ಇಲ್ಲ. ಪೇಟೆಗೆ ಒಯ್ಯೋದಾದ್ರೆ ಒಯ್ಯಿ."

ಕಾಂಪೌಂಡರ್ ಅವನ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ, ಬೆರಳ ಸಂದಿಗಳನ್ನು ಬಿಡಿಸಿ ನೋಡಿದ.

"ಗೊರಸಾಗಿದ್ರೆ ನಾನೇ ಔಷಧಿ ಹಚ್ಚಿಬಿಡ್ತಿದ್ದೆ. ಇದನ್ನ ಮನುಷ್ಯರ ಡಾಕ್ಟರಿಗೆ ತೋರ್ಸಿ." ಬಿಚ್ಚಿಟ್ಟ ಇಂಜಿನ್ನಿನತ್ತ ನೋಡಿದ. "ಮತ್ತೆ ಈಗ ಹೇಗೆ ಸಿಕ್ತು?"

"ಇವಳ ಕೈಗೆ ಸಿಕ್ತು."

ಕಾಂಪೌಂಡರ್ ಹೊಲಿಗೆ ಮೆಷಿನ್ನಿನ ಕಡೆ ತಿರುಗಿದ. "ಹೌದಾ ಅಕ್ಕಾ? ಹಾಗಾದ್ರೆ ಇನ್ಮೇಲೆ ಸದ್ದು ಬಂದ್ರೆ ನಿಮಗೇ ದೂರು."

"ದೂರು ಕೊಡಿ. ಆದ್ರೆ ಮುಂದಿನ ಬಾಗಿಲಿಂದ ಬನ್ನಿ," ಎಂದಳು ಅವಳು, ಹೊಲಿಯುತ್ತಿದ್ದ ಕಾಲರಿನಿಂದ ಕಣ್ಣು ತೆಗೆಯದೆ.

ಸ್ಕೂಟರನ್ನು ಅಲ್ಲೇ ಬಿಟ್ಟು ಕಾಂಪೌಂಡರ್ ನಡೆದುಕೊಂಡು ಹೋದ.

ಹೊಸ ಬೇರಿಂಗ್ ಬಂದ ದಿನ ಇಬ್ಬರೂ ಸೇರಿ ಇಂಜಿನ್ ಎರಡು ಹೋಳು ಮಾಡಿದರು. ಸೀಮೆಎಣ್ಣೆಯಲ್ಲಿ ತೊಳೆದ ಕ್ರ್ಯಾಂಕನ್ನು ತೊಡೆಯ ಮೇಲಿಟ್ಟುಕೊಂಡ ಅವಳು ಅದನ್ನು ಪಿಸ್ಟನ್ನಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಹಿಡಿದು ಪಕ್ಕಕ್ಕೆ ಅಲುಗಿಸಿದಳು.

"ಅಯ್ಯೋ, ಇದೂ ಹೋಗಿದೆಯಲ್ರೀ. ಬೇರಿಂಗಿಗಿಂತ ಜಾಸ್ತಿ ಆಡ್ತಿದೆ."

ಅವನು ಬಹಳ ದಿನದ ಮೇಲೆ ನಕ್ಕ. "ಅದು ಅಡ್ಡಕ್ಕೆ ಆಡ್ಬೇಕು ಕಣೇ. ಉದ್ದಕ್ಕೆ ಎಳೆದು ನೋಡು. ಎಳೆದಾಗ, ಒತ್ತಿದಾಗ ಟಕ್ ಅನ್ನುತ್ತಾ?"

ಅವಳು ಕಣ್ಣು ಮುಚ್ಚಿಕೊಂಡು ಎಳೆದಳು, ಒತ್ತಿದಳು. "ಇಲ್ಲ."

"ಹಾಗಾದ್ರೆ ಅದು ಸರಿ ಇದೆ. ನಿನ್ನ ಮಾತು ಕೇಳಿದ್ರೆ ಒಳ್ಳೇ ರಾಡು ಗುಜರಿಗೆ ಹೋಗ್ತಿತ್ತು."

"ನಿಮ್ಮ ಮಾತು ಕೇಳಿದ್ರೆ ಕೆಟ್ಟ ಬೇರಿಂಗು ಇನ್ನೂ ಒಳಗೇ ಇರ್ತಿತ್ತು," ಎಂದಳು ಅವಳು.

ಇಂಜಿನ್ನಿನ ಹೋಳನ್ನು ಬಿಸಿ ಮಾಡಿ ಬೇರಿಂಗ್ ಕೂರಿಸುವಾಗ ಇಕ್ಕಳ ಅವಳೇ ಹಿಡಿದಳು. ಬಿಸಿ ಗೊತ್ತಾಗದ ಕೈ ಬೆಂಕಿಯ ಹತ್ತಿರ ಬರಕೂಡದು ಎಂದು ಅವನನ್ನು ದೂರ ಕೂರಿಸಿದಳು. ಎಲ್ಲ ಜೋಡಿಸಿ ಮ್ಯಾಗ್ನೆಟ್ ಕೂರಿಸಿ ಅವನು ನಟ್ಟು ಬಿಗಿದ. ಅವಳು ಹಿಡಿದು ಎತ್ತಿದಳು, ಒತ್ತಿದಳು.

"ಇದೆಯಾ?"

"ಇಲ್ಲ."

ಬೇರೆಯವರು ನೋಡಿದ್ದನ್ನು ತಾನು ಇನ್ನೊಮ್ಮೆ ಮುಟ್ಟದೆ ಅವನು ಈವರೆಗೆ ಯಾವ ಇಂಜಿನ್ನನ್ನೂ ಮುಚ್ಚಿರಲಿಲ್ಲ. ಕೈ ತಾನಾಗಿ ಮ್ಯಾಗ್ನೆಟ್ಟಿನವರೆಗೂ ಹೋಯಿತು. ಅಲ್ಲಿಂದ ಅದನ್ನು ಹಿಂದಕ್ಕೆ ತೆಗೆದುಕೊಂಡು ಮುಚ್ಚಳ ಎತ್ತಿಕೊಂಡ.

ಅವಳು ಸೋಪು ಹಚ್ಚಿ ಮೊಣಕೈವರೆಗೂ ತಿಕ್ಕಿ ತೊಳೆದುಕೊಂಡಳು. ಅಂಗಿಗಳು ಬಿಳಿಯವು, ಇನ್ನೂ ಗುಂಡಿ ಹಾಕಬೇಕಿತ್ತು.