ಮದ್ದು ಹಾಕದ ಮೊಟ್ಟೆಗಳು

ಕಾವಿಗಿಟ್ಟ ಹತ್ತನೆಯ ದಿನ ಉಮೈರಾ ಮೊಟ್ಟೆಗಳನ್ನು ಒಡೆದು ನೋಡಿದಳು. ಹುಲ್ಲು ಸಾಯಿಸುವ ಕಳೆನಾಶಕ ಮೊಟ್ಟೆಯೊಳಗೆ ಬೆಳೆಯುವ ಮರಿಯನ್ನು ಏನು ಮಾಡುತ್ತದೆ ಎಂಬುದು ಅವಳ ಸಂಶೋಧನೆಯ ವಿಷಯ. ಮಣಿಪಾಲದ ಆ ಪ್ರಯೋಗಾಲಯದಲ್ಲಿ ಅವಳಿಗೆ ಇದು ಮೂರನೆಯ ವರ್ಷ. ಇಪ್ಪತ್ತು ಮೊಟ್ಟೆಗಳಿಗೆ ಆ ಮದ್ದು, ಹೋಲಿಕೆಗೆ ಇನ್ನಿಪ್ಪತ್ತಕ್ಕೆ ಬರೀ ಉಪ್ಪುನೀರು. ಮದ್ದು ಹಾಕಿದವುಗಳಲ್ಲಿ ಮುಚ್ಚಿಕೊಳ್ಳದ ಬೆನ್ನು, ಮೂಡದ ಕಣ್ಣು, ಸೊಟ್ಟಗಾದ ಕೊಕ್ಕು ಕಂಡವು. ಅದಕ್ಕೆ ಅವಳ ಮನಸ್ಸು ಒಗ್ಗಿಹೋಗಿತ್ತು. ಆದರೆ ಉಪ್ಪುನೀರಿನ ಸಾಲಿನಲ್ಲೂ ಏಳು ಮರಿಗಳು ಹಾಗೆಯೇ ಇದ್ದವು.

ಮಾರ್ಗದರ್ಶಕ ಅಲೆಕ್ಸಾಂಡರ್ ಸರ್ ಬಂದು ನೋಡಿದರು. "ಈ ಸಲದ್ದು ಬಿಡು ಉಮೈರಾ. ಮೊಟ್ಟೆಯೇ ಸರಿ ಇಲ್ಲ. ಬೇರೆ ಕಡೆಯಿಂದ ತರಿಸುವ."

"ಯಾಕೆ ಸರಿ ಇಲ್ಲ ಸರ್?"

"ಹುಂಜಕ್ಕೆ ವಯಸ್ಸಾಗಿರಬಹುದು, ಸೆಕೆ ಇರಬಹುದು. ನೂರು ಕಾರಣ ಉಂಟು. ನಮ್ಮ ಪ್ರಶ್ನೆ ಅದಲ್ಲ ಅಲ್ವಾ?"

ಅಲ್ಲ ಎಂದು ಅವಳೂ ಒಪ್ಪಿದಳು. ಆದರೂ ಶನಿವಾರ ಕಾಪುವಿನ ಮನೆಗೆ ಹೋಗುವ ಬದಲು ಕಾರ್ಕಳದ ಬಸ್ಸು ಹತ್ತಿದಳು.

ಪ್ರಯೋಗಾಲಯಕ್ಕೆ ಮೊಟ್ಟೆ ಕೊಡುತ್ತಿದ್ದ ರತ್ನಾವತಿಯ ಮನೆ ಪೇಟೆಯಿಂದ ಎರಡು ಮೈಲಿ ಆಚೆ. ಬೇಲಿಯುದ್ದಕ್ಕೂ ಹುಲ್ಲು ಬೆಂಕಿ ತಾಗಿದ ಹಾಗೆ ಕಂದಾಗಿತ್ತು. ಅಂಗಳದಲ್ಲಿ ಕೋಳಿಗಳು ಅಡ್ಡಕ್ಕೆ ಸೀಳಿದ ಪ್ಲಾಸ್ಟಿಕ್ ಕ್ಯಾನಿನಿಂದ ನೀರು ಕುಡಿಯುತ್ತಿದ್ದವು. ಉಮೈರಾ ಬಗ್ಗಿ ನೋಡಿದಳು. ಅರ್ಧ ಕಿತ್ತುಹೋದ ಚೀಟಿಯ ಮೇಲಿದ್ದದ್ದು ಅವಳು ಮೂರು ವರ್ಷದಿಂದ ಬರೆಯುತ್ತಿದ್ದ ರಾಸಾಯನಿಕದ್ದೇ ಹೆಸರು.

"ಅದಾ? ಹುಲ್ಲಿಗೆ ಬಿಡುವ ಮದ್ದಿನ ಕ್ಯಾನು" ಎಂದರು ರತ್ನಾವತಿ. "ಸೋಪು ಹಾಕಿ ಮೂರು ಸಲ ತೊಳೆದಿದ್ದೇನೆ ಮಾರಾಯ್ತಿ. ಮದ್ದು ಬಿಟ್ಟ ಮರುದಿನ ಕೋಳಿಗಳಿಗೆ ಗಮ್ಮತ್ತು. ಅಲ್ಲೇ ಕೆದಕಿ ಕೆದಕಿ ಹುಳ ತಿನ್ತವೆ."

ಅಷ್ಟರಲ್ಲಿ ಸೊಸೆ ಭವ್ಯಶ್ರೀ ಪುನರ್ಪುಳಿ ಶರಬತ್ತು ತಂದಳು. ನಾಲ್ಕು ತಿಂಗಳ ಬಸುರಿ.

"ಇವಳಿಗೆ ದಿನಕ್ಕೆ ಎರಡು ಮೊಟ್ಟೆ. ಪೇಟೆಯದ್ದು ಮುಟ್ಟಲಿಕ್ಕೇ ಬಿಡುವುದಿಲ್ಲ" ಎಂದು ರತ್ನಾವತಿ ಹೆಮ್ಮೆಯಿಂದ ಹೇಳಿದರು.

ಉಮೈರಾಳ ಕೈಯಲ್ಲಿ ಲೋಟ ಹಾಗೇ ಉಳಿಯಿತು. ಏನು ಗೊತ್ತಿದೆ ತನಗೆ? ಏಳು ಮರಿಗಳು, ಒಂದು ಕ್ಯಾನು. ಇಷ್ಟನ್ನು ನಂಬಿ ಪ್ರಬಂಧದಲ್ಲಿ ಒಂದು ಸಾಲೂ ಬರೆಯುವಂತಿಲ್ಲ. ಆದರೆ ಎದುರಿಗಿದ್ದದ್ದು ಪ್ರಬಂಧವಲ್ಲ.

"ಅಕ್ಕ, ನನಗೆ ಖಚಿತವಾಗಿ ಗೊತ್ತಿಲ್ಲ. ಗೊತ್ತಾಗುವವರೆಗೆ ಇವರಿಗೆ ಈ ಮೊಟ್ಟೆ ಕೊಡಬೇಡಿ."

ರತ್ನಾವತಿಯ ಮುಖ ಕೆಂಪಾಯಿತು. "ನನ್ನ ಮೊಟ್ಟೆಯಲ್ಲಿ ಎಂತ ಉಂಟು? ಇಷ್ಟು ವರ್ಷ ಊರವರೆಲ್ಲ ತಿಂದಿಲ್ವಾ?"

ಉಮೈರಾ ಫೋನು ತೆಗೆದಳು. ಬಸುರಿಯ ಎದುರು ಆ ಏಳು ಮರಿಗಳ ಚಿತ್ರ ತೋರಿಸುವುದು ಹೇಗೆಂದು ಮತ್ತೆ ಒಳಗಿಟ್ಟಳು. ಭವ್ಯಶ್ರೀಯೇ ಕೈ ಚಾಚಿದಳು. "ತೋರಿಸಿ."

ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದಳು. "ಇದು ಎಷ್ಟು ದಿನದ್ದು?"

"ಹತ್ತು."

"ಕೋಳಿ ಬೇರೆ, ಮನುಷ್ಯರು ಬೇರೆ ಅಲ್ವಾ?"

"ಬೇರೆ. ಖಂಡಿತ ಬೇರೆ."

"ಆದರೂ ನೀವು ಇಷ್ಟು ದೂರ ಬಂದ್ರಿ."

ರತ್ನಾವತಿ ಎದ್ದು, ಕ್ಯಾನನ್ನು ಮಗುಚಿ ಹಾಕಿ, ಒಳಗಿನಿಂದ ಮಣ್ಣಿನ ಬೋಗುಣಿ ತಂದು ನೀರು ತುಂಬಿಸಿದರು. ಉಮೈರಾ ಹೊರಟಾಗ ಅವರು ತಿರುಗಿ ನೋಡಲಿಲ್ಲ.

ಹೊರಡುವಾಗ ಭವ್ಯಶ್ರೀ ಕಟ್ಟಿಕೊಟ್ಟಿದ್ದ ಹತ್ತು ಮೊಟ್ಟೆಗಳನ್ನು ಉಮೈರಾ ಪರೀಕ್ಷೆಗೆ ಕೊಟ್ಟಳು. ನಾಲ್ಕರಲ್ಲಿ ಮದ್ದಿನ ಅಂಶ ಸಿಕ್ಕಿತು, ಆರರಲ್ಲಿ ಇಲ್ಲ. ಆ ಏಳು ಮರಿಗಳಿಗೆ ಅದೇ ಕಾರಣವೆಂದು ಹೇಳಲು ಅಷ್ಟು ಸಾಲದು. ಅಲೆಕ್ಸಾಂಡರ್ ಸರ್ ವರದಿಯನ್ನು ಎರಡು ಸಲ ಓದಿದರು. "ಇದನ್ನು ಬಿಡುವುದು ಬೇಡ. ಪ್ರತ್ಯೇಕವಾಗಿ ಬರಿ" ಎಂದರು.

ಒಂದೂವರೆ ತಿಂಗಳ ನಂತರ ಉಡುಪಿಯಿಂದ ಭವ್ಯಶ್ರೀಯ ಫೋನು ಬಂತು. ಸ್ಕ್ಯಾನಿಂಗ್ ಆಯಿತಂತೆ, ಮಗುವಿನ ಬೆನ್ನು, ಕಣ್ಣು ಎಲ್ಲ ಸರಿ ಉಂಟು ಎಂದರಂತೆ ಡಾಕ್ಟರು. ಉಮೈರಾ ಮೆಟ್ಟಿಲ ಮೇಲೆ ಕುಳಿತಳು.

"ರತ್ನಾವತಿಯಕ್ಕ ಹೇಗಿದ್ದಾರೆ?"

"ಮಾತು ಕಡಿಮೆ ಮಾಡಿದ್ದಾರೆ. ಮದ್ದು ಬಿಡುವುದಿಲ್ಲ ಈಗ, ಹುಲ್ಲು ಕತ್ತಿಯಲ್ಲಿ ಹೆರೆಯುತ್ತಾರೆ. ಮೊಟ್ಟೆ ಮಾರುವುದೂ ಇಲ್ಲ. ಹೇಂಟೆಯನ್ನು ಕಾವಿಗೆ ಕೂರಿಸಿ, ದಿನಾ ಅದರ ಹತ್ತಿರ ಹೋಗಿ ಕೂತುಕೊಳ್ತಾರೆ. ಮರಿ ಹೊರಗೆ ಬರಲಿಕ್ಕೆ ಇನ್ನು ನಾಲ್ಕು ದಿನ ಉಂಟಂತೆ."