ಸಾವಿರಗೈಯವನ ಜೇಬು

ಅಭ್ಯಾಸಕ್ಕೆಂದು ಇಟ್ಟಿದ್ದ ಆ ರಬ್ಬರ್ ಬೊಂಬೆ ರೋಗಿ ಎರಡು ತಿಂಗಳಲ್ಲಿ ಎರಡು ಸಲ ಸತ್ತಿದ್ದ. ಎರಡು ಸಲವೂ ಕೊಂದವನು ಒಬ್ಬನೇ: ಡಾಕ್ಟರಿಕೆ ಓದುತ್ತಿದ್ದ ಸಾವಿರಗೈ.

ಹುಟ್ಟುವಾಗ ಅವನಿಗೂ ಎರಡೇ ಕೈ ಇದ್ದವು. ಆದರೆ ಅಭ್ಯಾಸದ ಕೋಣೆಗೆ ಕಾಲಿಟ್ಟರೆ ಸಾಕು, ಉಳಿದ ಒಂಬೈನೂರ ತೊಂಬತ್ತೆಂಟು ಎಲ್ಲಿಂದಲೋ ಚಿಗುರಿಬಿಡುತ್ತಿದ್ದವು. ನರ್ಸಿಂಗ್ ಹುಡುಗಿಯ ಕೈಯಿಂದ ಬಿಪಿ ಪಟ್ಟಿ ಕಸಿದುಕೊಳ್ಳುತ್ತಿದ್ದ, ಫಾರ್ಮಸಿ ಹುಡುಗಿಯ ಟ್ರೇಯಿಂದ ಔಷಧಿ ತಾನೇ ಎತ್ತಿ ಚುಚ್ಚುತ್ತಿದ್ದ, ಫಿಸಿಯೋಥೆರಪಿ ಹುಡುಗ ಬಗ್ಗುವ ಮೊದಲೇ ಮಂಚದ ತಲೆಭಾಗ ಎತ್ತುತ್ತಿದ್ದ. ನಾಲ್ಕು ಕಾಲೇಜಿನ ನಾಲ್ವರು ಕೂಡಿ ಒಬ್ಬ ರೋಗಿಯನ್ನು ನೋಡಿಕೊಳ್ಳಲು ಕಲಿಯಲಿ ಎಂದು ಕಟ್ಟಿದ ತಂಡ ಅದು. ಅದರಲ್ಲಿ ಮೂವರು ಗೋಡೆಗೊರಗಿ ಆಕಳಿಸುತ್ತಿದ್ದರು. ಆ ಆಕಳಿಕೆಯ ಗಾಳಿಗೆ ಕಿಟಕಿಯ ಪರದೆ ಹಾರುತ್ತಿತ್ತು ಎಂದರೆ ನಂಬಲೇಬೇಕು. ಅಷ್ಟರಲ್ಲಿ ರೋಗಿ ಕೊನೆಯುಸಿರೆಳೆದಿರುತ್ತಿದ್ದ.

"ಯಾಕೆ ಸತ್ತ ಅಂತ ನಿಮ್ಮಲ್ಲೇ ಯಾರಿಗೋ ಗೊತ್ತಿದೆ, ನಾನು ಹೇಳಲ್ಲ," ಎಂದಿದ್ದರು ತರಬೇತಿಯ ಮೇಡಂ. ಅವರು ಕಣ್ಣು ಬಿಟ್ಟರೆ ಕಾರಿಡಾರಿನ ಟ್ಯೂಬ್‌ಲೈಟೂ ಮಿನುಗುವುದನ್ನು ನಿಲ್ಲಿಸುತ್ತಿತ್ತು. "ಮೂರನೇ ಸಲವೂ ಸತ್ರೆ ನಿಜವಾದ ರೋಗಿಗಳಿರೋ ವಾರ್ಡಿನ ಆಸೆ ಬಿಡಪ್ಪ. ಇನ್ನಾರು ತಿಂಗಳು ಈ ರಬ್ಬರ್ ಜೊತೇನೇ ನಿನ್ನ ಸಂಸಾರ. ತಂಡದ ಮುಖ್ಯಸ್ಥ ಆದೋನು ಮಂಚದ ಕಾಲಿನ ಕಡೆ ನಿಲ್ಬೇಕು. ಕಣ್ಣು, ಕಿವಿ, ಬಾಯಿ, ಅಷ್ಟೇ. ಕೈ ಇಲ್ಲ."

ಸಾವಿರಗೈ ಮನೆಗೆ ಬಂದು ಗೋಳಾಡಿದ. ಅಪ್ಪ ಅಮ್ಮ ಇಬ್ಬರೂ ದರ್ಜಿಗಳು, ಮುಂದಿನ ಕೋಣೆಯೇ ಅಂಗಡಿ. ಅಮ್ಮ ಟೇಪು ಹಿಡಿದು "ತೋಳು ಇಪ್ಪತ್ತಮೂರು" ಎಂದು ಕೂಗಿದರೆ, ಅಪ್ಪ "ತೋಳು ಇಪ್ಪತ್ತಮೂರು" ಎಂದು ತಿರುಗಿ ಹೇಳಿದ ಮೇಲೆಯೇ ಕತ್ತರಿ ಬಾಯಿ ತೆರೆಯುತ್ತಿತ್ತು. ಮೂವತ್ತು ವರ್ಷದಲ್ಲಿ ಅವರು ಇಡೀ ಭೂಮಂಡಲಕ್ಕೆ ಸುತ್ತುವಷ್ಟು ಬಟ್ಟೆ ಹೊಲಿದಿದ್ದರು. ಒಂದು ತೋಳೂ ಗಿಡ್ಡವಾಗಿರಲಿಲ್ಲ.

"ಕೇಳಿದ್ದನ್ನ ತಿರುಗಿ ಹೇಳೋ ಮಗನೇ," ಎಂದ ಅಪ್ಪ. "ಬಾಯಲ್ಲಿ ಬಂದ್ರೆ ತಲೆಗೂ ಹೋಗುತ್ತೆ. ನಿಮ್ಮಮ್ಮನ ಮಾತು ನಾನು ಕೇಳೋದು ಹಾಗೇನೇ."

"ಕೇಳ್ತಾರಂತೆ! ಮಹಾ!" ಎಂದು ಅಮ್ಮ ಸೂಜಿಗೆ ದಾರ ಪೋಣಿಸಿದಳು. "ಕೈ ತಾನೇ ಮಾತು ಕೇಳ್ದಿರೋದು? ಕೋಟು ಕೊಡಿಲ್ಲಿ."

ಮರುದಿನ ಮಂಚದ ಕಾಲಿನ ಕಡೆ ನಿಂತು ಸಾವಿರಗೈ ಬಿಳಿ ಕೋಟಿನ ಜೇಬುಗಳಿಗೆ ಕೈ ತೂರಿಸಿದ. ಅಮ್ಮನ ಹೊಲಿಗೆ ಇಲಿಬೋನಿನ ಹಾಗಿತ್ತು: ಒಳಗೆ ಹೋಗಲು ದಾರಿ ಉಂಟು, ಹೊರಗೆ ಬರಲು ಇಲ್ಲ.

"ಅಯ್ಯೋ, ಉಸಿರಾಡೋಕಾಗ್ತಿಲ್ಲ," ಎಂದಿತು ರಬ್ಬರ್ ರೋಗಿಯ ಎದೆಯೊಳಗಿನ ಸ್ಪೀಕರು. ಮಾನಿಟರಿನ ಮೇಲೆ ಆಕ್ಸಿಜನ್ ಅಂಕಿ ಎಂಬತ್ತೆಂಟಕ್ಕೆ ಇಳಿದಿತ್ತು.

"ಆಕ್ಸಿಜನ್ ಹಾಕಿ. ತಲೆ ಕಡೆ ಎತ್ತಿ."

"ಆಕ್ಸಿಜನ್ ಹಾಕಿದೆ," ಎಂದಳು ನರ್ಸಿಂಗ್ ಹುಡುಗಿ. "ಎತ್ತಿದೆ," ಎಂದ ಫಿಸಿಯೋ ಹುಡುಗ. ಅಂಕಿ ಎಂಬತ್ತಾರಾಯಿತು.

"ಎದೇಲಿ ಸೋಂಕು. ಪೆನಿಸಿಲಿನ್ ಕೊಡಿ."

"ಆಗಲ್ಲ," ಎಂದಳು ಫಾರ್ಮಸಿ ಹುಡುಗಿ. ಅವಳ ದನಿಯ ಮುಂದೆ ಇರುವೆ ಸೀನಿದರೂ ಗುಡುಗು.

ಸಾವಿರಗೈಯ ಸಾವಿರ ಕೈಯೂ ಟ್ರೇಯ ಕಡೆ ಹಾರಿದವು. ಜೇಬು ಬಿಡಲಿಲ್ಲ. ಬೇರೆ ದಾರಿ ಕಾಣದೆ ಅಪ್ಪನಂತೆ ತಿರುಗಿ ಹೇಳಿದ: "ಆಗಲ್ಲ." ಆಗ ಅದು ಅವನ ತಲೆಗೆ ಹೋಯಿತು. "ಯಾಕಾಗಲ್ಲ?"

"ರೋಗಿಯ ಕೈಪಟ್ಟಿ ನೋಡು. ಪೆನಿಸಿಲಿನ್ ಒಗ್ಗಲ್ಲ ಅಂತ ಕೆಂಪಕ್ಷರದಲ್ಲಿದೆ. ಹೋದೆರಡು ಸಲಾನೂ ಇತ್ತು."

"ಹೇಳ್ಬಾರ್ದಿತ್ತಾ ಮಾರಾಯ್ತಿ?"

"ಹೇಳ್ದೆ. ಚುಚ್ಚಿಯಾಗಿತ್ತು."

ಅವನ ಕಿವಿ ಇಸ್ತ್ರಿಪೆಟ್ಟಿಗೆಯಂತೆ ಕಾದವು. "ಪೆನಿಸಿಲಿನ್ ಒಗ್ಗಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಮತ್ತೆ ಯಾವುದು ಕೊಡೋಣ, ನೀನೇ ಹೇಳು."

ಅವಳು ಹೇಳಿದಳು. ಅವನು ತಿರುಗಿ ಹೇಳಿದ. ನರ್ಸಿಂಗ್ ಹುಡುಗಿ ಇನ್ನೊಮ್ಮೆ ಹೇಳಿ ಚುಚ್ಚಿದಳು. ಅಂಕಿ ಎಂಬತ್ತನಾಲ್ಕು.

"ಗುರೂ," ಎಂದ ಫಿಸಿಯೋ ಹುಡುಗ, ನೆಲಕ್ಕೆ ಗಲ್ಲ ತಾಗುವಷ್ಟು ಬಗ್ಗಿ. "ಮಂಚದ ಚಕ್ರ ಆಕ್ಸಿಜನ್ ಟ್ಯೂಬಿನ ಮೇಲೆ ಕೂತಿದೆ."

"ಚಕ್ರ ಟ್ಯೂಬಿನ ಮೇಲೆ! ಸರಿಸಪ್ಪಾ!"

ತೊಂಬತ್ತು. ತೊಂಬತ್ತನಾಲ್ಕು. ತೊಂಬತ್ತೇಳು. "ಅಬ್ಬಾ, ಈಗ ಹಾಯಾಯ್ತು," ಎಂದಿತು ರಬ್ಬರ್. ನಾಲ್ವರೂ ಒಟ್ಟಿಗೆ ಬಿಟ್ಟ ನಿಟ್ಟುಸಿರಿಗೆ ಪರದೆ ಹಾರುವುದಿರಲಿ, ಕಿಟಕಿಯೇ ತೆರೆದುಕೊಂಡಿತು.

"ಪಾಸು. ನಾಳೆ ಎಂಟಕ್ಕೆ ವಾರ್ಡಿಗೆ ಬನ್ನಿ," ಎಂದು ಮೇಡಂ ಕೈ ಚಾಚಿದರು. ಸಾವಿರಗೈ ಎಳೆದ, ಜಗ್ಗಿದ, ಕುಣಿದ. ಕೈ ಬರಲಿಲ್ಲ. ಫಿಸಿಯೋ ಹುಡುಗ ಭುಜ ಹಿಡಿದ, ಫಾರ್ಮಸಿ ಹುಡುಗಿ ಕೋಟು ಹಿಡಿದಳು, ನರ್ಸಿಂಗ್ ಹುಡುಗಿ ಕತ್ತರಿ ತಂದಳು.

"ಎಡ ಜೇಬಿನ ಹೊಲಿಗೆ ಕತ್ತರಿಸ್ತೀನಿ."

"ಎಡ ಜೇಬಿನ ಹೊಲಿಗೆ," ಎಂದ ಅವನು. ಕಚಕ್ ಎಂದಿತು ಕತ್ತರಿ. ಎಡಗೈ ಹೊರಬಂದು, ಬೆವತುಕೊಂಡೇ ಮೇಡಂ ಕೈ ಕುಲುಕಿತು.

"ಬಲಗಡೇದು?"

ಸಾವಿರಗೈ ಬಲಗೈಯನ್ನು ಜೇಬಿನೊಳಕ್ಕೆ ಇನ್ನಷ್ಟು ಒತ್ತಿಕೊಂಡ.

"ಇರ್ಲಿ ಬಿಡಿ," ಎಂದ. "ನಾಳೆ ವಾರ್ಡಿದೆಯಲ್ಲ."